ಹೊಸ ಚಿಪ್‌ನಲ್ಲಿ ಹನಿ ಬರುವುದಿಲ್ಲ, ಹಳೆಯದರಲ್ಲಿ ಬರುತ್ತದೆ: ಏಕೆ?

ತುಂಗೆಯ ಹನಿ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಜೀವರಸಾಯನ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಒಂದು ಕಿಣ್ವವನ್ನು ಜೀವಕೋಶದಷ್ಟು ಸಣ್ಣ ಜಾಗದಲ್ಲಿ ಕೂಡಿಹಾಕಿದರೆ ಅದರ ವೇಗ ಬದಲಾಗುತ್ತದೆಯೇ ಎಂದು ನೋಡಬೇಕು. ಮೊದಲು ಎಣ್ಣೆಯೊಳಗೆ ನೀರಿನ ಕಿರುಹನಿ, ಆಮೇಲೆ ಲಿಪಿಡ್ ವೆಸಿಕಲ್ (ಕೊಬ್ಬಿನಂಥ ಅಣುಗಳ ಪೊರೆಯಿರುವ ಸಣ್ಣ ಚೀಲ) ಎಂದು ಯೋಜನೆ ಹಾಕಿಕೊಂಡಿದ್ದೇನೆ. ಹನಿ ಮಾಡುವುದು ಚಿಪ್‌ನಲ್ಲಿ, ಅಂದರೆ ಕೂದಲೆಳೆಯಷ್ಟು ಸಪೂರ ಕಾಲುವೆಗಳಿರುವ ಸಣ್ಣ ಬಿಲ್ಲೆಯಲ್ಲಿ.

ಅದರ ಅಚ್ಚನ್ನು ಬೆಂಗಳೂರಿನಲ್ಲಿ ಮಾಡಿಸಿ ತಂದಿದ್ದೇವೆ. ಚಿಪ್ ಎರೆಯುವುದು ಇಲ್ಲೇ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿಗೆ ಹತ್ತಕ್ಕೆ ಒಂದರಂತೆ ಗಟ್ಟಿಕಾರಕ ಬೆರೆಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, 70 ಡಿಗ್ರಿಯಲ್ಲಿಟ್ಟು, ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಅನಿಲ) ಹಾಯಿಸಿ ಗಾಜಿಗೆ ಅಂಟಿಸುತ್ತೇವೆ. ನಡುವಿನ ಕಾಲುವೆಯಲ್ಲಿ ನೀರು ಬರುತ್ತದೆ, ಎರಡೂ ಬದಿಯಿಂದ ಎಣ್ಣೆ ಬಂದು ಅದನ್ನು ಒತ್ತುತ್ತದೆ. ಮುಂದೆ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಗಲ, ಅಷ್ಟೇ ಆಳದ ಕಿರುಬಾಯಿ. ಹಗುರ ಮಿನರಲ್ ಆಯಿಲ್‌ನಲ್ಲಿ ಶೇ 2 ಸ್ಪ್ಯಾನ್ 80 (ಹನಿಗಳು ಒಂದಕ್ಕೊಂದು ಕೂಡಿಹೋಗದಂತೆ ತಡೆಯುವ ಸರ್ಫ್ಯಾಕ್ಟೆಂಟ್, ಸೋಪಿನಂಥ ವಸ್ತು). ನೀರು ಗಂಟೆಗೆ 100 ಮೈಕ್ರೋಲೀಟರ್, ಎಣ್ಣೆ 400. ಎರಡನ್ನೂ ಸಿರಿಂಜ್ ಪಂಪ್ ತಳ್ಳುತ್ತದೆ, ಎರಡಕ್ಕೂ 10 ಮಿಲಿಲೀಟರ್ ಸಿರಿಂಜ್.

ತೊಂದರೆ ಏನೆಂದರೆ, ಅಂಟಿಸಿದ ದಿನವೇ ಬಳಸಿದರೆ ನೀರು ಹನಿಯಾಗುವುದೇ ಇಲ್ಲ. ಗೋಡೆ ಹಿಡಿದುಕೊಂಡು ಎಣ್ಣೆಯ ಪಕ್ಕದಲ್ಲೇ ಧಾರೆಯಾಗಿ ಹರಿದುಹೋಗುತ್ತದೆ. ಡಬ್ಬಿಯಲ್ಲಿ ಕೆಲವು ವಾರ ಬಿದ್ದಿದ್ದ ಚಿಪ್ ತೆಗೆದು ಹಾಕಿದರೆ ಹನಿ ಬರುತ್ತದೆ, ಆದರೆ ದಪ್ಪ ಹನಿಗಳ ಒಂದು ಸರಣಿ, ಸಣ್ಣ ಹನಿಗಳ ಒಂದು ಸರಣಿ, ಹೀಗೆ ಅಲೆಯ ಹಾಗೆ ಗಾತ್ರ ಏರಿಳಿಯುತ್ತದೆ. ಮಳೆಗಾಲದ ತೇವಾಂಶದಿಂದ ಹೀಗಾಗುತ್ತಿದೆ ಎಂದು ಗೆಳೆಯರು ಹೇಳುತ್ತಾರೆ. ಹೌದೇ?

ಶಂಕರಘಟ್ಟ ಪಾಲಿಮರ್

ಮಳೆಯನ್ನು ಬಿಟ್ಟುಬಿಡಿ, ಈ ಒಂದು ವಿಷಯದಲ್ಲಿ ಅದು ನಿರಪರಾಧಿ. ನೀವು ಹೇಳಿರುವುದು ಎರಡು ಬೇರೆ ಬೇರೆ ಕಾಯಿಲೆ.

ಮೊದಲನೆಯದು ಗೋಡೆಯದು. ಪಿಡಿಎಂಎಸ್ ಸ್ವಭಾವತಃ ನೀರನ್ನು ದೂರವಿಡುವ ವಸ್ತು. ಅದರ ಮೇಲೆ ನೀರಿನ ಬೊಟ್ಟು ಇಟ್ಟರೆ ಅಂಚಿನ ಕೋನ ಸುಮಾರು 110 ಡಿಗ್ರಿ ಇರುತ್ತದೆ. ಪ್ಲಾಸ್ಮಾ ಹಾಯಿಸಿದಾಗ ಮೇಲ್ಮೈಯಲ್ಲಿ ನೀರನ್ನು ದೂರವಿಡುವ ಮೀಥೈಲ್ ಗುಂಪುಗಳು ಹೋಗಿ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು ಬರುತ್ತವೆ. ಗಾಜಿಗೆ ಅಂಟುವುದು ಅದರಿಂದಲೇ. ಅದೇ ಕಾರಣಕ್ಕೆ ನೀರೂ ಅಂಟುತ್ತದೆ. ಎಣ್ಣೆಯೊಳಗೆ ನೀರಿನ ಹನಿ ಬೇಕಾದರೆ ಗೋಡೆಯನ್ನು ಎಣ್ಣೆ ತೋಯಿಸಬೇಕು, ನೀರು ಮುಟ್ಟಬಾರದು. ದಿನ ಕಳೆದಂತೆ ಒಳಗಿನ ಸಣ್ಣ ಸಿಲಿಕೋನ್ ಸರಪಳಿಗಳು ಮೇಲಕ್ಕೆ ಬಂದು ಮೇಲ್ಮೈ ಮತ್ತೆ ಹಳೆಯ ಸ್ವಭಾವಕ್ಕೆ ಮರಳುತ್ತದೆ. ನಿಮ್ಮ ಹಳೆಯ ಚಿಪ್ ಕೆಲಸ ಮಾಡುವುದರ ಗುಟ್ಟು ಇಷ್ಟೇ.

ವಾರಗಟ್ಟಲೆ ಕಾಯಬೇಕಾಗಿಲ್ಲ. ಅಂಟಿಸಿದ ಮೇಲೆ 80 ಡಿಗ್ರಿ ಒಲೆಯಲ್ಲಿ ಒಂದೆರಡು ದಿನ ಇಡಿ. ಅವಸರವಿದ್ದರೆ ಕಾರಿನ ಗಾಜಿಗೆ ಮಳೆನೀರು ನಿಲ್ಲದಂತೆ ಹಚ್ಚುವ ಆಕ್ವಾಪೆಲ್ ದ್ರವವನ್ನು ಕಾಲುವೆಯಲ್ಲಿ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು, ಗಾಳಿ ಊದಿ ಪೂರ್ತಿ ಹೊರಹಾಕಿ. ಒಳಗೇ ಒಣಗಲು ಬಿಟ್ಟರೆ ಕಾಲುವೆ ಕಟ್ಟಿಕೊಳ್ಳುತ್ತದೆ. ಪ್ರತಿ ಸಲ ಪ್ಲಾಸ್ಮಾಕ್ಕೆ ಚಿಪ್ ಜೊತೆ ಒಂದು ಚೂರು ಪಿಡಿಎಂಎಸ್ ಕೂಡ ಹಾಕಿ, ಬಳಸುವ ಮೊದಲು ಅದರ ಮೇಲೆ ಒಂದು ಬೊಟ್ಟು ನೀರಿಟ್ಟು ನೋಡಿ. ಹರಡಿಕೊಂಡರೆ ಚಿಪ್ ಇನ್ನೂ ಸಿದ್ಧವಿಲ್ಲ.

ಇನ್ನೊಂದು ವಿಷಯ: ಮೊದಲು ಎಣ್ಣೆ ಬಿಟ್ಟು ಕಾಲುವೆಯೆಲ್ಲ ತುಂಬಿದ ಮೇಲೆಯೇ ನೀರು ಬಿಡಿ. ನೀರು ಮೊದಲು ಒಳಹೊಕ್ಕರೆ ಒಳ್ಳೆಯ ಚಿಪ್ ಕೂಡ ಆ ದಿನಕ್ಕೆ ಕೆಡುತ್ತದೆ.

ಗಾತ್ರ ಅಲೆಯ ಹಾಗೆ ಏರಿಳಿಯುವುದು ಪಂಪಿನ ಕಾಯಿಲೆ. ಅದನ್ನು ಯಂತ್ರ ಬಲ್ಲವರು ಹೇಳಲಿ.

ಭದ್ರಾವತಿ ಲೇತ್

ಜೀವರಸಾಯನ ನನಗೆ ಗೊತ್ತಿಲ್ಲ, ಸ್ಕ್ರೂ ಗೊತ್ತು. ಸಿರಿಂಜ್ ಪಂಪ್ ಎಂದರೆ ಒಂದು ಸ್ಟೆಪ್ಪರ್ ಮೋಟಾರ್, ಒಂದು ಸ್ಕ್ರೂ, ಪಿಸ್ಟನ್ ತಳ್ಳುವ ಒಂದು ಹಲಗೆ. ಮೋಟಾರ್ ನಿರಂತರವಾಗಿ ತಿರುಗುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ.

ಲೆಕ್ಕ ಹಾಕೋಣ. 10 ಮಿಲಿಲೀಟರ್ ಸಿರಿಂಜಿನ ಒಳವ್ಯಾಸ ಸುಮಾರು 14.5 ಮಿಲಿಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 165 ಚದರ ಮಿಲಿಮೀಟರ್. ಸ್ಕ್ರೂ ಪಿಚ್ 0.8 ಮಿಲಿಮೀಟರ್, ಸುತ್ತಿಗೆ 200 ಹೆಜ್ಜೆ, ಒಂದೊಂದನ್ನೂ 16 ಪಾಲು ಮಾಡಿದ್ದಾರೆ ಎಂದುಕೊಳ್ಳಿ. ಆಗ ಒಂದು ಕಿರುಹೆಜ್ಜೆಗೆ ಪಿಸ್ಟನ್ ಸರಿಯುವುದು ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಭಾಗ, ತಳ್ಳುವ ದ್ರವ 0.04 ಮೈಕ್ರೋಲೀಟರ್. ನಿಮ್ಮ ಹರಿವು ಗಂಟೆಗೆ 100, ಅಂದರೆ ಸೆಕೆಂಡಿಗೆ 0.028. ಒಂದೂವರೆ ಸೆಕೆಂಡಿಗೆ ಒಂದು ಕಿರುಹೆಜ್ಜೆ ಬಿದ್ದಂತಾಯಿತು. 50 ಮೈಕ್ರಾನ್ ವ್ಯಾಸದ ಹನಿಯ ಗಾತ್ರ 65 ಪಿಕೋಲೀಟರ್. ಆ ಲೆಕ್ಕದಲ್ಲಿ ನಿಮಗೆ ಸೆಕೆಂಡಿಗೆ ನಾನೂರಕ್ಕೂ ಹೆಚ್ಚು ಹನಿ ಬರುತ್ತಿದೆ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಆರುನೂರು ಹನಿ! ಹೆಜ್ಜೆ ಬಿದ್ದ ಕೂಡಲೇ ಒತ್ತಡ ಏರಿ ದಪ್ಪ ಹನಿ, ಇಳಿಯುತ್ತಾ ಸಣ್ಣ ಹನಿ.

1 ಮಿಲಿಲೀಟರ್ ಸಿರಿಂಜ್ ಹಾಕಿ. ವಿಸ್ತೀರ್ಣ ಹತ್ತನೇ ಒಂದು ಭಾಗವಾಗುತ್ತದೆ, ಅದೇ ಹರಿವಿಗೆ ಹೆಜ್ಜೆ ಹತ್ತು ಪಟ್ಟು ಬೇಗ ಬೇಗ ಬೀಳುತ್ತದೆ. ಪಂಪ್ ಬದಲಿಸುವ ಖರ್ಚು ಬೇಡ. ಸ್ಕ್ರೂವಿಗೆ ಅಂಟಿದ ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿ. ಸಿರಿಂಜಿನ ರಬ್ಬರ್ ತಲೆ ಗೋಡೆಗೆ ಅಂಟಿ ಜಗ್ಗಿದರೂ ಇದೇ ರೋಗ ಬರುತ್ತದೆ, ಆದ್ದರಿಂದ ಗಾಜಿನ ಸಿರಿಂಜ್ ಉತ್ತಮ.

ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಕೊಳವೆಯಲ್ಲಿ ಉಳಿದ ಒತ್ತಡಕ್ಕೆ ನೀರು ಎಲ್ಲಿಗೆ ಬೇಕೋ ಅಲ್ಲಿಗೆ ನುಗ್ಗುತ್ತದೆ. ಆಷಾಢದಲ್ಲಿ ನಮ್ಮ ಕಡೆ ಇದನ್ನು ಹೇಳಬೇಕಾಗಿಲ್ಲ. ಒಂದು ಸಣ್ಣ ಯುಪಿಎಸ್ ಕಟ್ಟಿಕೊಳ್ಳಿ.

ತುಂಗೆಯ ಹನಿ

ಚೂರಿನ ಮೇಲೆ ನೀರಿಟ್ಟು ನೋಡಿದೆ. ಅಂಟಿಸಿದ ದಿನದ ಚೂರಿನಲ್ಲಿ ಬೊಟ್ಟು ಹಪ್ಪಳವಾಗಿ ಹರಡಿತು, ಹಳೆಯದರಲ್ಲಿ ಗುಂಡಗೆ ನಿಂತಿತು. ಶಂಕರಘಟ್ಟದವರು ಹೇಳಿದ್ದು ಕಣ್ಣೆದುರೇ ಇದೆ. ಸಣ್ಣ ಸಿರಿಂಜ್ ಹಾಕಿದ ಮೇಲೆ ಅಲೆ ಬಹಳ ಕಡಿಮೆಯಾಗಿದೆ. ಭದ್ರಾವತಿ ಸರ್, ಧನ್ಯವಾದ.

ಆದರೂ ಕಿರುಬಾಯಿಯಿಂದ ನೀರು ಉದ್ದನೆಯ ದಾರದ ಹಾಗೆ ಹೊರಬಂದು ಮುಂದೆ ಹೋಗಿ ಒಡೆಯುತ್ತಿದೆ. ಹನಿಗಳ ನಡುವೆ ಪುಡಿಹನಿಗಳೂ ಕಾಣುತ್ತವೆ. ಮೊಬೈಲ್ ಅನ್ನು ಸೂಕ್ಷ್ಮದರ್ಶಕಕ್ಕೆ ಹಿಡಿದು ವಿಡಿಯೊ ತೆಗೆದರೆ ಎಲ್ಲವೂ ಮಸುಕು.

ಶಂಕರಘಟ್ಟ ಪಾಲಿಮರ್

ಎಣ್ಣೆಯನ್ನು ತೀರಾ ಜೋರಾಗಿ ಬಿಟ್ಟಿದ್ದೀರಿ. ಇಲ್ಲಿ ಎರಡು ಬಲಗಳ ಜಗಳ ನಡೆಯುತ್ತದೆ: ಎಣ್ಣೆಯ ಸ್ನಿಗ್ಧತೆ ನೀರನ್ನು ಎಳೆದು ಉದ್ದ ಮಾಡುತ್ತದೆ, ಮೇಲ್ಮೈ ಎಳೆತ ಅದನ್ನು ಗುಂಡಗೆ ಮಾಡುತ್ತದೆ. ಸ್ನಿಗ್ಧತೆಯನ್ನು ವೇಗದಿಂದ ಗುಣಿಸಿ ಮೇಲ್ಮೈ ಎಳೆತದಿಂದ ಭಾಗಿಸಿದರೆ ಕ್ಯಾಪಿಲರಿ ಸಂಖ್ಯೆ ಸಿಗುತ್ತದೆ. 50 ಮೈಕ್ರಾನ್ ಬಾಯಿಯಲ್ಲಿ ಗಂಟೆಗೆ 400 ಮೈಕ್ರೋಲೀಟರ್ ಎಂದರೆ ಸೆಕೆಂಡಿಗೆ ಸುಮಾರು 44 ಮಿಲಿಮೀಟರ್ ವೇಗ. ಎಣ್ಣೆಯ ಸ್ನಿಗ್ಧತೆ ನೀರಿನ ಸುಮಾರು ಮೂವತ್ತು ಪಟ್ಟು. ಸ್ಪ್ಯಾನ್ 80 ಇರುವಾಗ ಮೇಲ್ಮೈ ಎಳೆತ ಮೀಟರಿಗೆ 5 ಮಿಲಿನ್ಯೂಟನ್ ಆಸುಪಾಸು. ಸಂಖ್ಯೆ 0.25ರ ಹತ್ತಿರ ಬರುತ್ತದೆ. ಅಚ್ಚುಕಟ್ಟಾದ ಹನಿ ಬರುವುದು ಸಾಮಾನ್ಯವಾಗಿ 0.1ಕ್ಕಿಂತ ಕೆಳಗೆ. ಮೇಲೆ ಹೋದರೆ ದಾರ ಎಳೆದುಕೊಳ್ಳುತ್ತದೆ, ಆ ದಾರ ತನಗೆ ತೋಚಿದ ಕಡೆ ತುಂಡಾಗುತ್ತದೆ. ನಲ್ಲಿಯಿಂದ ಸಣ್ಣಗೆ ಬಿಟ್ಟ ನೀರು ಸ್ವಲ್ಪ ಕೆಳಗಿಳಿದು ಹನಿಯಾಗುವುದಕ್ಕೂ ಇದೇ ಕಾರಣ. ಭೌತವಿಜ್ಞಾನಿಗಳಾದ ಪ್ಲಾಟೊ 1873ರಲ್ಲಿ, ರ‍್ಯಾಲೆ 1878ರಲ್ಲಿ ಇದನ್ನು ವಿವರಿಸಿದ್ದಾರೆ: ದ್ರವದ ಕಂಬದ ಮೇಲಿನ ಏರಿಳಿತ ಅದರ ಸುತ್ತಳತೆಗಿಂತ ಉದ್ದವಾದರೆ ಕಂಬ ನಿಲ್ಲುವುದಿಲ್ಲ.

ಎಣ್ಣೆ 100, ನೀರು 25ಕ್ಕೆ ಇಳಿಸಿ. ಆಗ ಭದ್ರಾವತಿಯವರ ಮಾತು ನಾಲ್ಕು ಪಟ್ಟು ಮುಖ್ಯವಾಗುತ್ತದೆ, ಏಕೆಂದರೆ ಹರಿವು ಇಳಿದಷ್ಟೂ ಹೆಜ್ಜೆಗಳ ನಡುವಿನ ಅಂತರ ಹೆಚ್ಚುತ್ತದೆ.

ವಿಡಿಯೊ ಮಸುಕಾಗುವುದಕ್ಕೆ ಕಾರಣ ಫ್ರೇಮ್ ಸಂಖ್ಯೆಯಲ್ಲ. ನಿಮ್ಮ ಈಗಿನ ವೇಗದಲ್ಲಿ ಹನಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತನ್ನ ಉದ್ದದಷ್ಟು ಸರಿದಿರುತ್ತದೆ. ಎಕ್ಸ್‌ಪೋಷರ್ ಅದರ ಇಪ್ಪತ್ತನೇ ಒಂದಕ್ಕಿಂತ ಕಡಿಮೆ ಇರಬೇಕು, ಅದಕ್ಕೆ ಬಹಳ ಬೆಳಕು ಬೇಕು. ಅದರ ಗೋಜೇ ಬೇಡ. ಹನಿಗಳನ್ನು ಹೊರಗೆ ಎಣ್ಣೆಯಲ್ಲಿ ಸಂಗ್ರಹಿಸಿ, ಸ್ಲೈಡ್ ಮೇಲೆ ಒಂದೇ ಪದರದಲ್ಲಿ ಹರಡಿ, ನಿಂತ ಹನಿಗಳ ಚಿತ್ರ ತೆಗೆದು ಇಮೇಜ್‌ಜೆ ತಂತ್ರಾಂಶದಲ್ಲಿ ಕೆಲವು ನೂರು ಹನಿ ಅಳೆಯಿರಿ. ವ್ಯಾಸದ ಏರಿಳಿತ ಸರಾಸರಿಯ ಶೇ 5ಕ್ಕಿಂತ ಕಡಿಮೆಯಿದ್ದರೆ ಕೆಲಸ ಆಯಿತು.

ತೀರ್ಥಹಳ್ಳಿ ತೋಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನಾನು ಅಡಿಕೆ ಬೆಳೆಯುವವನು. ಕೊಳೆರೋಗಕ್ಕೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು ಎಂದು ಬೋರ್ಡೋ ದ್ರಾವಣ ಮಾಡಿ ಅಡಿಕೆ ಗೊನೆಗೆ ಹೊಡೆಸುತ್ತೇವೆ. ಔಷಧಿ ಒಣಗುವ ಮೊದಲೇ ಮಳೆ ಹೊಡೆದರೆ ಔಷಧಿಯೂ ಹೋಯಿತು, ಮರ ಹತ್ತಿದವನ ಕೂಲಿಯೂ ಹೋಯಿತು. ನೀವು ಹೇಳುವ ಈ ಸಣ್ಣ ಚೀಲಗಳಲ್ಲಿ ಔಷಧಿ ತುಂಬಿ, ಗೊನೆಗೆ ಅಂಟಿಕೊಂಡು ನಿಧಾನವಾಗಿ ಬಿಡುವಂತೆ ಮಾಡಲು ಆಗುತ್ತದೆಯೇ?

ಜೀವರಸಾಯನ ಮೇಡಂ (ಶಿವಮೊಗ್ಗ)

ತೋಟದವರೇ, ಪ್ರಶ್ನೆ ಚೆನ್ನಾಗಿದೆ, ಉತ್ತರ ನಿರಾಸೆಯದು. ಈ ಹುಡುಗಿಯ ಚಿಪ್ ಗಂಟೆಗೆ 100 ಮೈಕ್ರೋಲೀಟರ್ ನೀರನ್ನು ಹನಿ ಮಾಡುತ್ತದೆ. ಒಂದು ಲೀಟರಿಗೆ 10,000 ಗಂಟೆ, ಅಂದರೆ ಹಗಲೂ ರಾತ್ರಿ ಓಡಿಸಿದರೂ ವರ್ಷಕ್ಕೂ ಮಿಕ್ಕಿ. ನಿಮಗೆ ಬೇಕಾದದ್ದು ಡ್ರಮ್ಮುಗಟ್ಟಲೆ. ಒಂದೇ ಚಿಪ್‌ನಲ್ಲಿ ನೂರಾರು ಬಾಯಿಗಳನ್ನು ಜೋಡಿಸುವ ಕೆಲಸ ನಡೆದಿದೆ, ಆದರೂ ಅದು ದುಬಾರಿ ವಸ್ತುಗಳಿಗೆ ಮಾತ್ರ ಹೊಂದುತ್ತದೆ.

ಕೀಟನಾಶಕವನ್ನು ಕಿರುಗುಳಿಗೆಯಲ್ಲಿ ತುಂಬಿ ಮಾರುವುದು ಈಗಾಗಲೇ ಇದೆ. ಡಬ್ಬಿಯ ಮೇಲೆ ಸಿಎಸ್ (ಕ್ಯಾಪ್ಸ್ಯೂಲ್ ಸಸ್ಪೆನ್ಶನ್) ಎಂದು ಬರೆದಿರುತ್ತಾರೆ. ಅದನ್ನು ದೊಡ್ಡ ಪಾತ್ರೆಯಲ್ಲಿ ಜೋರಾಗಿ ಕಡೆದು, ಹನಿಯ ಸುತ್ತ ಪ್ಲಾಸ್ಟಿಕ್ ಸಿಪ್ಪೆ ಕಟ್ಟಿಸಿ ಮಾಡುತ್ತಾರೆ. ಗಾತ್ರ ಒಂದೇ ಸಮ ಇರುವುದಿಲ್ಲ, ತೋಟಕ್ಕೆ ಅದು ಬೇಕಾಗಿಯೂ ಇಲ್ಲ.

ತೀರ್ಥಹಳ್ಳಿ ತೋಟ

ಹಾಗಾದರೆ ಈ ವರ್ಷವೂ ಬೋರ್ಡೋವೇ ಗತಿ. ಮುಂದುವರಿಸಿ, ಓದುತ್ತಿರುತ್ತೇನೆ.

ಸೊರಬ ಲ್ಯಾಬ್

ನಾನು ಪ್ರಯೋಗಾಲಯ ತಂತ್ರಜ್ಞ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ತಾಲ್ಲೂಕಿನದೇ. ಉಣ್ಣೆ (ಉಣುಗು) ಹರಡುವ ಈ ರೋಗವನ್ನು ಪತ್ತೆಹಚ್ಚಲು ಆರ್‌ಟಿ-ಪಿಸಿಆರ್ ಮಾಡುತ್ತಾರೆ. ಹನಿಗಳಲ್ಲಿ ಪಿಸಿಆರ್ ಮಾಡಿದರೆ ಇನ್ನೂ ನಿಖರ ಎಂದು ಓದಿದ್ದೇನೆ. ನಮ್ಮಂಥ ಕಡೆ ಪ್ರಯೋಜನ ಇದೆಯೇ?

ಜೀವರಸಾಯನ ಮೇಡಂ

ವಿಧಾನ ಸೊಗಸಾದದ್ದು. 20 ಮೈಕ್ರೋಲೀಟರ್ ಮಾದರಿಯನ್ನು ಸುಮಾರು 20,000 ಹನಿಗಳಾಗಿ ಒಡೆಯುತ್ತಾರೆ, ಪ್ರತಿ ಹನಿಯೂ ಒಂದು ಪ್ರತ್ಯೇಕ ಪ್ರಯೋಗವಾಗುತ್ತದೆ. ಪಿಸಿಆರ್ ಮುಗಿದ ಮೇಲೆ ಎಷ್ಟು ಹನಿ ಬೆಳಗಿದವು, ಎಷ್ಟು ಬೆಳಗಲಿಲ್ಲ ಎಂದು ಎಣಿಸಿದರೆ ಪ್ವಾಸಾನ್ ಎಂಬ ಸಂಭವನೀಯತೆಯ ಸೂತ್ರದಿಂದ ವೈರಸ್ ಪ್ರತಿಗಳ ಸಂಖ್ಯೆ ನೇರವಾಗಿ ಸಿಗುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳನ್ನು ಅಳೆದು ಎಳೆಯುವ ಹೋಲಿಕೆಯ ರೇಖೆ ಬೇಕಾಗುವುದಿಲ್ಲ. ಆದರೆ ಜ್ವರ ಬಂದವರಿಗೆ ಬೇಕಾದದ್ದು ಇದೆಯೋ ಇಲ್ಲವೋ ಎಂಬ ಉತ್ತರ, ಅದೂ ಬೇಗ. ಅದಕ್ಕೆ ಸಾಮಾನ್ಯ ಆರ್‌ಟಿ-ಪಿಸಿಆರ್ ಸಾಕು. ಹನಿಯ ಯಂತ್ರಕ್ಕೆ ಸುರಿಯುವ ಹಣವನ್ನು ಮಾದರಿ ಬೇಗ ಸಾಗಿಸುವ ವ್ಯವಸ್ಥೆಗೆ ಹಾಕಿದರೆ ಜನರಿಗೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಇನ್ನು ತುಂಗೆಯ ಹನಿಗೆ. ನೀವು ವೆಸಿಕಲ್ ಎಂದು ಬರೆದಿದ್ದೀರಿ. ನಿಮಗೆ ಅದು ನಿಜವಾಗಿ ಬೇಕೇ? ಕಿಣ್ವವನ್ನು ಸಣ್ಣ ಜಾಗದಲ್ಲಿ ಕೂಡಿಹಾಕುವುದಷ್ಟೇ ಉದ್ದೇಶವಾದರೆ ಎಣ್ಣೆಯೊಳಗಿನ ಹನಿಯೇ ಸಾಕು. ವೆಸಿಕಲ್ ಬೇಕಾಗುವುದು ಪೊರೆಯೇ ಪ್ರಶ್ನೆಯ ಭಾಗವಾಗಿದ್ದಾಗ: ಹೊರಗಿನಿಂದ ವಸ್ತು ಒಳಗೆ ಹೋಗಬೇಕು, ಪೊರೆಯಲ್ಲಿ ಪ್ರೋಟೀನು ಕೂರಬೇಕು, ಎರಡೂ ಕಡೆ ನೀರಿರಬೇಕು. ಹನಿಗೆ ಹೊರಗೆ ಎಣ್ಣೆ, ನಡುವೆ ಸರ್ಫ್ಯಾಕ್ಟೆಂಟಿನ ಒಂದೇ ಪದರ. ವೆಸಿಕಲ್‌ಗೆ ಒಳಗೂ ಹೊರಗೂ ನೀರು, ನಡುವೆ ಫಾಸ್ಫೋಲಿಪಿಡ್‌ನ ಜೋಡಿ ಪದರ, ದಪ್ಪ 4ರಿಂದ 5 ನ್ಯಾನೋಮೀಟರ್. ಒಂದನ್ನು ಮಾಡಲು ಬಂದವರಿಗೆ ಇನ್ನೊಂದು ತಾನಾಗಿ ಬರುವುದಿಲ್ಲ.

ತುಂಗೆಯ ಹನಿ

ಮೇಡಂ, ಎರಡನೆಯ ಹಂತದಲ್ಲಿ ಪೊರೆಯ ಪ್ರೋಟೀನು ಸೇರಿಸಬೇಕೆಂದಿದೆ. ಆಗ ಬೇಕಲ್ಲವೇ? ಗಾತ್ರ 10ರಿಂದ 20 ಮೈಕ್ರಾನ್ ಇದ್ದರೆ ಸಾಕು.

ಜೀವರಸಾಯನ ಮೇಡಂ

ಆಗ ಬೇಕು. ಆದರೆ ಮೊದಲ ವೆಸಿಕಲ್ ಅನ್ನು ಚಿಪ್‌ನಲ್ಲಿ ಮಾಡಬೇಡಿ. ಆಂಜೆಲೋವಾ ಮತ್ತು ದಿಮಿತ್ರೋವ್ 1986ರಲ್ಲಿ ತೋರಿಸಿದ ವಿದ್ಯುತ್ ವಿಧಾನವಿದೆ: ವಿದ್ಯುತ್ ಹಾಯುವ ಗಾಜಿನ ಮೇಲೆ ಲಿಪಿಡ್ ತೆಳುವಾಗಿ ಸವರಿ ಒಣಗಿಸಿ, ಸಕ್ಕರೆ ನೀರು ಹಾಕಿ, ಎಸಿ ವೋಲ್ಟೇಜ್ ಕೊಟ್ಟರೆ ದೊಡ್ಡ ವೆಸಿಕಲ್‌ಗಳು ಉಬ್ಬಿ ಏಳುತ್ತವೆ. ಗಾತ್ರ ಅಡ್ಡಾದಿಡ್ಡಿ ಇರುತ್ತದೆ, ಕಿಣ್ವವೂ ಒಳಗೆ ಸರಿಯಾಗಿ ತುಂಬುವುದಿಲ್ಲ. ಆದರೂ ನಿಮ್ಮ ಲಿಪಿಡ್ ಚೆನ್ನಾಗಿದೆಯೇ, ಬಫರ್ (ಆಮ್ಲೀಯತೆ ಬದಲಾಗದಂತೆ ಹಿಡಿಯುವ ದ್ರಾವಣ) ಅದನ್ನು ಕೆಡಿಸುತ್ತದೆಯೇ ಎಂಬುದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಒಳಗೆ ಸುಕ್ರೋಸ್, ಹೊರಗೆ ಅಷ್ಟೇ ಸಾಂದ್ರತೆಯ ಗ್ಲೂಕೋಸ್ ಇಡಿ. ಸುಕ್ರೋಸ್ ಭಾರ, ವೆಸಿಕಲ್ ತಳಕ್ಕೆ ಕೂರುತ್ತದೆ, ನೋಡಲು ಸುಲಭ. ಒಳಗಿನ ಮತ್ತು ಹೊರಗಿನ ಆಸ್ಮೋಲಾರಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) ಸಮ ಇಲ್ಲದಿದ್ದರೆ ಒಂದೋ ಒಡೆಯುತ್ತದೆ, ಇಲ್ಲವೇ ಮುದುಡಿಕೊಳ್ಳುತ್ತದೆ.

ಅದು ಕೈಗೂಡಿದ ಮೇಲೆ ಚಿಪ್‌ಗೆ ಬನ್ನಿ. ದೊಡ್ಡ ವೆಸಿಕಲ್‌ಗೆ ಮುಖ್ಯವಾಗಿ ಎರಡು ದಾರಿ. ಒಂದು, ನೀರು-ಎಣ್ಣೆ-ನೀರು ಎಂಬ ಜೋಡಿ ಹನಿ ಮಾಡಿ, ನಡುವಿನ ಎಣ್ಣೆಯಲ್ಲಿ ಲಿಪಿಡ್ ಕರಗಿಸಿ, ಆ ಎಣ್ಣೆಯನ್ನು ಹೋಗಲಾಡಿಸುವುದು. ಇನ್ನೊಂದು, ಡೆಕರ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಆಕ್ಟನಾಲ್ ವಿಧಾನ: ಎಣ್ಣೆಯ ಜಾಗದಲ್ಲಿ ಆಕ್ಟನಾಲ್ ಎಂಬ ಆಲ್ಕೊಹಾಲ್ ಇರುತ್ತದೆ, ಅದು ನಿಮಿಷಗಳಲ್ಲಿ ಒಂದು ಬದಿಗೆ ಗುಳ್ಳೆಯಾಗಿ ಸೇರಿ ತಾನಾಗಿ ಕಳಚಿಕೊಳ್ಳುತ್ತದೆ, ವೆಸಿಕಲ್ ಉಳಿಯುತ್ತದೆ. 5ರಿಂದ 20 ಮೈಕ್ರಾನ್ ಗಾತ್ರಕ್ಕೆ ಅದೇ ಸರಿ. ಎರಡರಲ್ಲೂ ಹೊರಗಿನ ದ್ರವ ನೀರಾದ್ದರಿಂದ ದ್ರವಗಳು ಕೂಡುವ ಜಾಗದ ಮುಂದಿನ ಗೋಡೆ ನೀರನ್ನು ಪ್ರೀತಿಸಬೇಕು. ಶಂಕರಘಟ್ಟದವರು ಹೇಳಿದ್ದಕ್ಕೆ ನೇರ ಉಲ್ಟಾ. ಪಿವಿಎ (ನೀರಿನಲ್ಲಿ ಕರಗುವ ಒಂದು ಪಾಲಿಮರ್) ದ್ರಾವಣವನ್ನು ಆ ಭಾಗದಲ್ಲಿ ಮಾತ್ರ ಹಾಯಿಸಿ ಬೇಯಿಸಿ ಸಾಧಿಸುತ್ತಾರೆ, ಲಿಪಿಡ್ ಬರುವ ಕಾಲುವೆಗೆ ಹೋಗದಂತೆ ಅಲ್ಲಿಂದ ಗಾಳಿ ಒತ್ತಿ ಹಿಡಿಯುತ್ತಾರೆ.

ಸ್ಪ್ಯಾನ್ 80 ಮರೆತುಬಿಡಿ. ಅದು ಹನಿಗೆ, ಪೊರೆಗಲ್ಲ.

ಕೊಪ್ಪದ ಓದುಗ

ಕೋವಿಡ್ ಎಂಆರ್‌ಎನ್‌ಎ ಲಸಿಕೆಯ ಲಿಪಿಡ್ ಕಣಗಳನ್ನೂ ಹೀಗೆಯೇ ಮಾಡಿದ್ದೇ?

ಜೀವರಸಾಯನ ಮೇಡಂ

ಇಲ್ಲ. ಅಲ್ಲಿ ಹನಿ ಕತ್ತರಿಸುವುದಿಲ್ಲ, ಬೆರೆಸುತ್ತಾರೆ. ಲಿಪಿಡ್ ಎಥನಾಲ್‌ನಲ್ಲಿ, ಎಂಆರ್‌ಎನ್‌ಎ ಆಮ್ಲೀಯ ಬಫರ್‌ನಲ್ಲಿ, ಸಾಮಾನ್ಯವಾಗಿ ಒಂದಕ್ಕೆ ಮೂರರಂತೆ. ಎರಡೂ ಕ್ಷಣಾರ್ಧದಲ್ಲಿ ಬೆರೆತಾಗ ಎಥನಾಲ್ ತೆಳುವಾಗಿ ಲಿಪಿಡ್ ತಾನಾಗಿ ಕಣವಾಗುತ್ತದೆ, ಗಾತ್ರ ಸುಮಾರು 100 ನ್ಯಾನೋಮೀಟರ್. ಪ್ರಯೋಗಾಲಯದಲ್ಲಿ ಇದಕ್ಕೆ ಓರೆ ಗೀರುಗಳಿರುವ ಚಿಪ್ ಬಳಸುತ್ತಾರೆ. ಕಾರ್ಖಾನೆಯಲ್ಲಿ ಎರಡು ಧಾರೆಗಳನ್ನು ಎದುರುಬದುರು ಡಿಕ್ಕಿ ಹೊಡೆಸುತ್ತಾರೆ.

ಸಾಗರದ ಗಾಜು

ಜೋಡಿ ಹನಿಗೆ ನಾನು ಪಿಡಿಎಂಎಸ್ ಬಳಸುವುದಿಲ್ಲ. ಲಿಪಿಡ್ ಕರಗಿಸಲು ಕ್ಲೋರೋಫಾರ್ಮ್ ಹಾಕಿದರೆ ಪಿಡಿಎಂಎಸ್ ಊದಿಕೊಂಡು ಕಾಲುವೆ ಮುಚ್ಚುತ್ತದೆ. ಗಾಜಿನ ಲೋಮನಾಳ (ಸಪೂರ ಕೊಳವೆ) ಸಾಕು, ಅಚ್ಚೂ ಬೇಡ, ಸ್ವಚ್ಛಕೋಣೆಯೂ ಬೇಡ. ಹಾರ್ವರ್ಡ್‌ನ ವೈಟ್ಜ್ ಪ್ರಯೋಗಾಲಯ 2005ರಲ್ಲಿ ತೋರಿಸಿದ್ದು ಇದನ್ನೇ.

ಚೌಕ ನಾಳದ ಒಳ ಅಳತೆ 1.05 ಮಿಲಿಮೀಟರ್, ದುಂಡು ನಾಳದ ಹೊರ ವ್ಯಾಸ 1 ಮಿಲಿಮೀಟರ್. ಒಂದರೊಳಗೆ ಒಂದನ್ನು ತೂರಿಸಿದರೆ ಎರಡೂ ತಾವಾಗಿ ಒಂದೇ ನೇರಕ್ಕೆ ಬರುತ್ತವೆ. ದುಂಡು ನಾಳವನ್ನು ಕಾಯಿಸಿ ಎಳೆದು ಮೊನೆ ಮಾಡಿ, ಮೊನೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನುಣುಪು ಮರಳುಕಾಗದಕ್ಕೆ ಮೆಲ್ಲಗೆ ಉಜ್ಜಿ ಬೇಕಾದ ಅಗಲಕ್ಕೆ ತನ್ನಿ. ಎದುರುಬದುರು ಎರಡು ಮೊನೆ: ಒಂದರಿಂದ ಒಳಗಿನ ನೀರು ಬರುತ್ತದೆ, ಇನ್ನೊಂದು ಹನಿಗಳನ್ನು ಎತ್ತಿಕೊಳ್ಳುತ್ತದೆ. ಚೌಕ ನಾಳದ ಮೂಲೆಗಳಲ್ಲಿ ಒಂದು ಕಡೆಯಿಂದ ಎಣ್ಣೆ, ಮತ್ತೊಂದು ಕಡೆಯಿಂದ ಹೊರಗಿನ ನೀರು. ಸ್ಲೈಡ್ ಮೇಲೆ ಎಪಾಕ್ಸಿಯಿಂದ ಕೂರಿಸಿ, ಸಂದುಗಳ ಮೇಲೆ ಇಂಜೆಕ್ಷನ್ ಸೂಜಿಯ ಬುಡ ಅಂಟಿಸಿದರೆ ಮುಗಿಯಿತು.

ನೀರು ತರುವ ಮೊನೆಗೆ ಒಟಿಎಸ್ ಎಂಬ ಸಿಲೇನ್ ರಾಸಾಯನಿಕ ಹಚ್ಚಿ ನೀರು ಹತ್ತದಂತೆ ಮಾಡಬೇಕು. ಎತ್ತಿಕೊಳ್ಳುವ ನಾಳ ನೀರು ಹತ್ತುವಂತೆಯೇ ಇರಬೇಕು. ಇಲ್ಲಿ ಮಾತ್ರ ನಮ್ಮ ಮಳೆ ನಿಜವಾಗಿ ಕಾಡುತ್ತದೆ. ಒಟಿಎಸ್‌ಗೆ ಗಾಳಿಯ ತೇವ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಎದ್ದು ದ್ರವ ಬೆಳ್ಳಗೆ ಕದಡುತ್ತದೆ. ಕದಡಿದ್ದನ್ನು ಹಚ್ಚಿದರೆ ಗಾಜಿನ ಮೇಲೆ ಗರಿಗರಿ ಚಕ್ಕೆ ಕೂರುತ್ತದೆ. ಜುಲೈಯಲ್ಲಿ ಬಾಟಲಿ ತೆರೆಯುವುದಾದರೆ ಒಣ ಸಾರಜನಕದ ಚೀಲದೊಳಗೆ, ಹೊಗೆ ಎಳೆಯುವ ಕಪಾಟಿನಲ್ಲಿ ತೆರೆಯಿರಿ. ಎಪಾಕ್ಸಿಯೂ ತಣ್ಣನೆ ತೇವದಲ್ಲಿ ಮೇಲೆ ಜಿಡ್ಡು ಪದರ ಬಿಡುತ್ತದೆ. ಒಂದು ಬಲ್ಬಿನ ಕೆಳಗೆ ಬೆಚ್ಚಗಿಟ್ಟು ಒಣಗಿಸಿ.

ಶಂಕರಘಟ್ಟ ಪಾಲಿಮರ್

ಗಾಜಿನ ದಾರಿ ನನಗೂ ಇಷ್ಟ, ಆದರೆ ಒಂದು ತಕರಾರು. ಎರಡು ಗಾಜಿನ ಸಾಧನ ಒಂದೇ ಥರ ಇರುವುದಿಲ್ಲ. ಮೊನೆ ಒಡೆದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಒಂದು ಅಚ್ಚಿನಿಂದ ಎಷ್ಟೋ ಚಿಪ್ ಎರೆಯಬಹುದು, ಎಲ್ಲವೂ ಒಂದೇ ಅಳತೆ. ಆಕ್ಟನಾಲ್ ವಿಧಾನ ಪಿಡಿಎಂಎಸ್‌ನಲ್ಲೇ ಆಗುತ್ತದೆ. ಅದಕ್ಕೆ ಬೇರೆ ಅಚ್ಚು ಬೇಕಾದರೆ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹೊರಗಿನ ಸಂಶೋಧಕರಿಗೂ ನ್ಯಾನೋ ಸೌಲಭ್ಯ ಬಳಸಲು ಅವಕಾಶ ಕೊಡುವ ಐಎನ್‌ಯುಪಿ ಯೋಜನೆಯಿದೆ. ನಿಮ್ಮ ಮಾರ್ಗದರ್ಶಕರ ಮೂಲಕ ಪ್ರಸ್ತಾವ ಬರೆಯಿರಿ.

ಸಾಗರದ ಗಾಜು

ಪ್ರಸ್ತಾವ ಬರೆದು ಒಪ್ಪಿಗೆ ಬರುವಷ್ಟರಲ್ಲಿ ನಾನು ಎಷ್ಟು ಮೊನೆ ಉಜ್ಜಿರುತ್ತೇನೆ, ಸ್ವಾಮಿ! ಆದರೂ ಅಳತೆಯ ಮಾತು ಒಪ್ಪಿದೆ. ಹತ್ತಾರು ಸಾಧನ ಬೇಕಿರುವವರಿಗೆ ಅಚ್ಚೇ ಸರಿ.

ಭದ್ರಾವತಿ ಲೇತ್

ಮೊನೆ ಎಳೆಯಲು ಸುರುಳಿ ಹೀಟರ್ ಮತ್ತು ಭಾರದ ಕಲ್ಲು ಸಾಕು. ಭಾರ ಯಾವಾಗಲೂ ಅಷ್ಟೇ ಇದ್ದರೆ ಮೊನೆಯೂ ಹೆಚ್ಚುಕಮ್ಮಿ ಅದೇ ರೂಪಕ್ಕೆ ಬರುತ್ತದೆ. ಬೇಕಾದರೆ ನಾನು ಒಂದು ಮಾಡಿಕೊಡುತ್ತೇನೆ. ಗಾಜು ನೀವು ತನ್ನಿ.

ತುಂಗೆಯ ಹನಿ

ಎಣ್ಣೆ 100, ನೀರು 25, ಬೇಯಿಸಿದ ಚಿಪ್, 1 ಮಿಲಿಲೀಟರ್ ಗಾಜಿನ ಸಿರಿಂಜ್. ದಾರ ಹೋಯಿತು, ಪುಡಿಹನಿಯೂ ಹೋಯಿತು. ಸ್ಲೈಡ್ ಮೇಲೆ ಹನಿಗಳು ಜೇನುಹುಟ್ಟಿನ ಕಣ್ಣುಗಳ ಹಾಗೆ ಆರು ಮೂಲೆಗೆ ಒತ್ತಿಕೊಂಡು ಕೂತಿವೆ. ಏರಿಳಿತ ಶೇ 4. ಮೊದಲ ಹಂತದ ಕಿಣ್ವದ ಅಳತೆಗಳನ್ನು ಹನಿಯಲ್ಲೇ ಮಾಡುತ್ತೇನೆ, ಮೇಡಂ ಹೇಳಿದಂತೆ.

ಒಂದು ಕೊನೆಯ ಸಂದೇಹ. ಲಿಪಿಡ್ ತರಿಸಿದರೆ ಹೇಗೆ ಇಟ್ಟುಕೊಳ್ಳಲಿ? ನಮ್ಮಲ್ಲಿ ಫ್ರೀಜರ್ ಇದೆ, ಕರೆಂಟ್ ಮಾತ್ರ ನಂಬುವಂತಿಲ್ಲ.

ಜೀವರಸಾಯನ ಮೇಡಂ

ಡಿಒಪಿಸಿಯಂಥ ಅಪರ್ಯಾಪ್ತ ಲಿಪಿಡ್‌ಗೆ ಗಾಳಿಯ ಆಮ್ಲಜನಕವೇ ಶತ್ರು. ಕ್ಲೋರೋಫಾರ್ಮ್‌ನಲ್ಲಿ ಬಂದದ್ದನ್ನು ಸಣ್ಣ ಗಾಜಿನ ಸೀಸೆಗಳಿಗೆ ಒಂದೊಂದು ಪ್ರಯೋಗಕ್ಕೆ ಬೇಕಾಗುವಷ್ಟು ಹಂಚಿ, ಮೇಲೆ ಆರ್ಗಾನ್ ಅಥವಾ ಸಾರಜನಕ ಊದಿ, ಟೆಫ್ಲಾನ್ ಬಿಲ್ಲೆಯ ಮುಚ್ಚಳ ಹಾಕಿ ಮೈನಸ್ 20ರಲ್ಲಿ ಇಡಿ. ತೆರೆದ ಸೀಸೆಯನ್ನು ಮತ್ತೆ ಒಳಗಿಡಬೇಡಿ. ಅಳೆಯುವುದು ಗಾಜಿನ ಸಿರಿಂಜಿನಿಂದ ಮಾತ್ರ, ಕ್ಲೋರೋಫಾರ್ಮ್ ಪ್ಲಾಸ್ಟಿಕ್ಕಿನಿಂದ ಕಸವನ್ನು ಕರಗಿಸಿ ತರುತ್ತದೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಉಪ್ಪುನೀರಿನ ಚೀಲಗಳನ್ನು ತುಂಬಿಟ್ಟರೆ ಕರೆಂಟ್ ಹೋದಾಗ ಕೆಲವು ಗಂಟೆ ತಡೆಯುತ್ತದೆ. ಸೀಸೆಯನ್ನು ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚಬೇಡಿ, ನಮ್ಮ ಹವೆಯಲ್ಲಿ ಒಳಗೆ ಇಬ್ಬನಿ ಕಟ್ಟುತ್ತದೆ.